ಮನ್ನಿಸುವುದು ಎಂದರೇನು? ತಪ್ಪು, ಕ್ಷಮೆ ಮತ್ತು ನಮ್ಮ ಬೆಲೆ

*ದಿನಕ್ಕೊಂದು ಧಮ್ಮ ಚಿಂತನೆ*

ಕಳೆದ ಭಾನುವಾರ ವಿಹಾರದಲ್ಲಿ ವಂದನೆ ಮುಗಿದ ಮೇಲೆ ನಮ್ಮ ಕಿರಿಯ ಉಪಾಸಕರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರ ಗೆಳೆಯನ ಮನೆಯವರು ಕ್ರೈಸ್ತರು. ಗೆಳೆಯನ ತಂದೆ ತೀರಿಕೊಂಡಾಗ ಪ್ರಾರ್ಥನೆಗೆ ಹೋಗಿದ್ದರಂತೆ. ದೇವರು ಇವರ ತಪ್ಪುಗಳನ್ನು ಕ್ಷಮಿಸಿ ಮಗನ ಹಾಗೆ ಸೇರಿಸಿಕೊಂಡಿದ್ದಾನೆ ಎಂದು ಪಾದ್ರಿಗಳು ಹೇಳಿದಾಗ ಅತ್ತು ಸುಸ್ತಾಗಿದ್ದ ಮನೆಯವರ ಮುಖದಲ್ಲಿ ಒಂದು ನೆಮ್ಮದಿ ಕಂಡಿತಂತೆ. "ಅಕ್ಕ, ಅವರಿಗೆ ಕ್ಷಮಿಸೋಕೆ ದೇವರಿದ್ದಾನೆ. ನಮಗೆ ಯಾರಿದ್ದಾರೆ?" ಎಂದು ಅವರು ಕೇಳಿದರು.

ಗುಂಪಿನಲ್ಲಿ ಒಬ್ಬರು ನಕ್ಕು, "ಭಾನುವಾರ ತಪ್ಪೊಪ್ಕೊಳ್ಳೋದು, ಸೋಮವಾರ ಮತ್ತೆ ಅದೇ ಮಾಡೋದು, ಅಷ್ಟೇ ಅವರದ್ದು" ಎಂದರು. ಎಲ್ಲರೂ ನಕ್ಕರು. ನನಗೆ ನಗಲು ಆಗಲಿಲ್ಲ. ಆ ಪ್ರಶ್ನೆ ಕೆಲವು ತಿಂಗಳಿಂದ ನನ್ನದೂ ಆಗಿತ್ತು. ಈ ವಾರ ಬರೆಯುವ ಸರದಿ ನನ್ನದು. ಸ್ವಲ್ಪ ದೀರ್ಘವಾಗಿದೆ. ಬಿಡುವಾದಾಗ ಓದಿ.

*1. "ತಪ್ಪಾಯ್ತು ಬುದ್ಧಿ"*

ನಮ್ಮ ಸೀಮೆಯ ಹಿರಿಯರಿಗೆ ಈ ಮಾತು ಗೊತ್ತು. ಹೊಲದ ಒಡೆಯರನ್ನು ನಮ್ಮಪ್ಪ "ಬುದ್ಧಿ" ಎಂದು ಕರೆಯುತ್ತಿದ್ದರು. ಅವರು ಕರೆದಾಗ ಓಡಿಹೋಗುವುದು ಸ್ವಲ್ಪ ತಡವಾದರೆ "ತಪ್ಪಾಯ್ತು ಬುದ್ಧಿ". ಅವರ ಎತ್ತು ತಾನಾಗಿ ಕುಂಟಿದರೂ "ತಪ್ಪಾಯ್ತು ಬುದ್ಧಿ". ಕೂಲಿ ಕೇಳಿದ್ದಕ್ಕೂ "ತಪ್ಪಾಯ್ತು". ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಅಪ್ಪ ಅವರ ಹಟ್ಟಿಯ ಮುಂದೆ ಟವಲನ್ನು ಕಂಕುಳಲ್ಲಿ ಅವುಚಿಕೊಂಡು ಹಾಗೆ ಹೇಳುವುದನ್ನು ಕಂಡೆ. ಮನೆಗೆ ಬಂದು, "ಏನು ತಪ್ಪು ಮಾಡಿದ್ರಿ ಅಪ್ಪ?" ಎಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಏನೂ ಇಲ್ಲ ಕಣವ್ವ. ಹಂಗನ್ಬೇಕು" ಎಂದರು.

ಹೀಗೆ ತಲೆತಲಾಂತರದಿಂದ ಮಾಡದ ತಪ್ಪಿಗೆ ಕ್ಷಮೆ ಕೇಳಿದವರು ನಾವು. ಇದರ ಹಿಂದೆ ಒಂದು ಸಿದ್ಧಾಂತವೂ ಇತ್ತು. ಹಿಂದಿನ ಜನ್ಮದಲ್ಲಿ ಪಾಪ ಮಾಡಿದ್ದೀರಿ, ಅದಕ್ಕೇ ಈ ಜಾತಿಯಲ್ಲಿ ಹುಟ್ಟಿದ್ದೀರಿ ಎನ್ನುವುದೇ ಆ ಸಿದ್ಧಾಂತ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಈ ವಾದದ ಬೇರನ್ನೇ ಕಿತ್ತರು. ಕಮ್ಮ ಎಂದರೆ ಇಲ್ಲಿ, ಈ ಬದುಕಿನಲ್ಲಿ ಮನುಷ್ಯ ಮಾಡುವ ಕೆಲಸ ಮತ್ತು ಅದರ ಫಲ. ಹುಟ್ಟನ್ನು ಶಿಕ್ಷೆಯಾಗಿಸುವ ಲೆಕ್ಕಪುಸ್ತಕ ಅದಲ್ಲ. ಆದ್ದರಿಂದ ನಮ್ಮ ಜನ 'ಕ್ಷಮೆ' ಎಂಬ ಪದ ಕೇಳಿದೊಡನೆ ಹಿಂದೆ ಸರಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಇನ್ನೊಮ್ಮೆ ತಲೆ ಬಗ್ಗಿಸಿ, ಇನ್ನೊಮ್ಮೆ ನಾನು ಅಯೋಗ್ಯ ಅನ್ನಿ ಎಂದು ಯಾರಾದರೂ ಹೇಳಿದರೆ ಸಿಟ್ಟು ಬರುತ್ತದೆ. ಬರಲೇಬೇಕು.

ಆದರೆ ಮಾಡದ ತಪ್ಪಿಗೆ ಕ್ಷಮೆ ಕೇಳುವುದನ್ನು ಬಿಟ್ಟ ನಾವು, ನಿಜವಾಗಿ ಮಾಡಿದ ತಪ್ಪಿಗೆ ಕ್ಷಮೆ ಕೇಳುವುದನ್ನು ಕಲಿತಿದ್ದೇವೆಯೇ? ನನ್ನ ವಿಷಯ ಹೇಳುತ್ತೇನೆ.

*2. ನಾನು ಮಾಡಿದ್ದು*

ಹದಿಮೂರು ವರ್ಷದ ಹಿಂದಿನ ಮಾತು. ನಾನು ಎಂಟನೇ ತರಗತಿಯ ಕ್ಲಾಸ್ ಟೀಚರ್. ಪ್ರವಾಸಕ್ಕೆಂದು ಮಕ್ಕಳಿಂದ ಕೂಡಿಸಿದ್ದ 1,200 ರೂಪಾಯಿ ಕಾಣೆಯಾಯಿತು. ಆ ದಿನ ಬೆಳಿಗ್ಗೆ ಸ್ಟಾಫ್ ರೂಮ್ ಗುಡಿಸಿದ್ದ ಹುಡುಗನ ಮೇಲೆ ನನ್ನ ಅನುಮಾನ ಹೋಯಿತು. ಅವನು ನಮ್ಮ ಕೇರಿಯಂಥದ್ದೇ ಒಂದು ಕೇರಿಯವನು. ಐವತ್ತು ಮಕ್ಕಳ ಮುಂದೆ ಅವನ ಬ್ಯಾಗನ್ನು ಮೇಜಿನ ಮೇಲೆ ಸುರಿದೆ. ಎರಡು ನೋಟ್‌ಬುಕ್, ಮುರಿದ ಜಾಮಿಟ್ರಿ ಬಾಕ್ಸ್, ಪೇಪರಿನಲ್ಲಿ ಸುತ್ತಿದ ಒಂದು ರೊಟ್ಟಿ ಬಿದ್ದವು. ಹಣ ಇರಲಿಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. "ನಿಮ್ಮಂಥವರಿಂದಲೇ ಕಣೋ ನಮ್ಮವರಿಗೆಲ್ಲ ಕೆಟ್ಟ ಹೆಸರು" ಎಂದುಬಿಟ್ಟೆ.

ಅವನು ಅಳಲಿಲ್ಲ. ಕೈಕಟ್ಟಿಕೊಂಡು, "ತಪ್ಪಾಯ್ತು ಮಿಸ್" ಎಂದ.

ಒಂಬತ್ತು ದಿನಗಳ ನಂತರ ಆ ಹಣ ಹಾಜರಿ ಪುಸ್ತಕದ ಕವರಿನೊಳಗೆ ಸಿಕ್ಕಿತು. ಇಟ್ಟವಳು ನಾನೇ. ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಕ್ಲಾಸಿನಲ್ಲಿ ಮಾತ್ರ, "ದುಡ್ಡಿನ ವಿಷಯ ಮುಗೀತು, ಎಲ್ಲರೂ ಪ್ರವಾಸಕ್ಕೆ ರೆಡಿಯಾಗಿ" ಎಂದಷ್ಟೇ ಹೇಳಿದೆ. ಅವನು ಪ್ರವಾಸಕ್ಕೆ ಬರಲಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಹೋದ. ನಾನು ಮರೆತೆ ಎಂದುಕೊಂಡಿದ್ದೆ.

ಈಚೆಗೆ ಆ ಬ್ಯಾಚಿನವರು ಗುರುವಂದನೆ ಇಟ್ಟುಕೊಂಡಿದ್ದರು. ಶಾಲು, ಹಾರ, ಫೋಟೊ ಎಲ್ಲ ಆಯಿತು. ಅವನು ಬಂದಿರಲಿಲ್ಲ. ಅವನು ಬರಲಿಲ್ಲವೇ ಎಂದು ಕೇಳಿದೆ. ಒಬ್ಬ ಹಳೆಯ ವಿದ್ಯಾರ್ಥಿ ತಮಾಷೆಗೆ, "ಅವನು ಬಂದಿದ್ರೆ ನೀವು ಪರ್ಸ್ ಜೋಪಾನವಾಗಿ ಇಟ್ಕೋಬೇಕಿತ್ತು ಮಿಸ್" ಎಂದ. ಎಲ್ಲರೂ ನಕ್ಕರು. ಹದಿಮೂರು ವರ್ಷದಿಂದ ಅವನು ಆ ಬ್ಯಾಚಿಗೆಲ್ಲ ಕಳ್ಳ. ಹಾಗೆ ಮಾಡಿದವಳಿಗೆ ಹೆಗಲ ಮೇಲೆ ಶಾಲು.

ಆ ರಾತ್ರಿ ನನಗೆ ಅಪ್ಪನ ಟವಲು ನೆನಪಾಯಿತು. ಆ ಹುಡುಗನ ಮುಂದೆ ನಾನೇ "ಬುದ್ಧಿ" ಆಗಿದ್ದೆ.

*3. ಗಣಿತದ ಮೇಡಂ ಹೇಳಿದ ಕಥೆ*

ನಮ್ಮ ಶಾಲೆಯಲ್ಲಿ ಗಣಿತ ಹೇಳುವ ಮೇಡಂ ಕ್ರೈಸ್ತರು. ನಿವೃತ್ತಿಗೆ ಹತ್ತಿರ ಬಂದವರು. ಅವರಜ್ಜಿಯ ಕಾಲದಲ್ಲಿ ಕೇರಿಯಿಂದ ಚರ್ಚಿಗೆ ಹೋದ ಮನೆತನ. ಸ್ಟಾಫ್ ರೂಮಿನಲ್ಲಿ ಅವರೊಬ್ಬರಿಗೇ ಇದನ್ನು ಹೇಳಿದೆ. ಅವರು ಉಪದೇಶ ಮಾಡಲಿಲ್ಲ. ಬೈಬಲಿನ ಲೂಕನ ಸುವಾರ್ತೆಯ ಹದಿನೈದನೇ ಅಧ್ಯಾಯದಲ್ಲಿರುವ ಕಳೆದುಹೋದ ಮಗನ ಕಥೆಯನ್ನು ಹೇಳಿದರು. ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. ಮೇಡಂ ಅದನ್ನು ಬಿಡಿಸಿ ಹೇಳಿದ ರೀತಿ ನನಗೆ ಹೊಸದು.

ಕಿರಿಮಗ ಅಪ್ಪ ಬದುಕಿರುವಾಗಲೇ ಪಾಲು ಕೇಳುತ್ತಾನೆ. ನೀನು ಸತ್ತ ಹಾಗೇ ಲೆಕ್ಕ ಎಂದಂತೆ ಅದು. ಪರದೇಶಕ್ಕೆ ಹೋಗಿ ಎಲ್ಲ ಕಳೆದು ಹಂದಿ ಕಾಯುವ ಸ್ಥಿತಿಗೆ ಬರುತ್ತಾನೆ. ಯಹೂದಿಗಳಿಗೆ ಹಂದಿ ಮುಟ್ಟಬಾರದ ಪ್ರಾಣಿ. ಹಸಿವು ತಡೆಯಲಾರದೆ ಮನೆಗೆ ಹೊರಡುವಾಗ ದಾರಿಯಲ್ಲಿ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ಭಾಗ: ನಾನು ಪಾಪ ಮಾಡಿದೆ, ನಿನ್ನ ಮಗ ಎನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಕೂಲಿಯಾಳಾಗಿ ಇಟ್ಟುಕೋ. ದೂರದಿಂದಲೇ ಅವನನ್ನು ಕಂಡ ಅಪ್ಪ ಓಡಿಬಂದು ತಬ್ಬಿಕೊಳ್ಳುತ್ತಾನೆ. ಮಗ ಮೊದಲ ಎರಡು ಮಾತು ಹೇಳುತ್ತಾನೆ. ಮೂರನೆಯದನ್ನು ಹೇಳುವ ಮೊದಲೇ ಅಪ್ಪ ಆಳುಗಳನ್ನು ಕರೆದು ಒಳ್ಳೆಯ ನಿಲುವಂಗಿ, ಬೆರಳಿಗೆ ಉಂಗುರ, ಕಾಲಿಗೆ ಜೋಡು ತರಿಸುತ್ತಾನೆ.

"ಗಮನಿಸಿದ್ರಾ?" ಎಂದರು ಮೇಡಂ. "'ಕೂಲಿಯಾಳಾಗಿ ಇಟ್ಕೋ' ಅನ್ನೋ ಮಾತು ಅವನ ಬಾಯಿಂದ ಬರೋಕೆ ಅಪ್ಪ ಬಿಡೋದೇ ಇಲ್ಲ. ಜೋಡು ಯಾಕೆ ಕೊಟ್ಟ ಗೊತ್ತಾ? ಬರಿಗಾಲಲ್ಲಿ ಇರ್ತಿದ್ದದ್ದು ಗುಲಾಮರು. ಮಗನಿಗೆ ಜೋಡು."

ಕೆರ ಕಳಚಿ ಕೈಯಲ್ಲಿ ಹಿಡಿದುಕೊಂಡು ಊರೊಳಗೆ ನಡೆದವರ ಮೊಮ್ಮಕ್ಕಳು ನಾವಿಬ್ಬರೂ. ಆ ಜೋಡಿನ ಮಾತಿಗೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದೆವು.

ಕ್ರೈಸ್ತ ಧರ್ಮದಲ್ಲಿ ಮನುಷ್ಯನ ಬೆಲೆ ಎಲ್ಲಿಂದ ಬರುತ್ತದೆ ಎಂಬುದು ಈ ಕಥೆಯಲ್ಲಿದೆ. ದೇವರು ಮನುಷ್ಯನನ್ನು ತನ್ನ ರೂಪದಲ್ಲಿ ಮಾಡಿದ ಎಂದು ಅವರು ನಂಬುತ್ತಾರೆ. ಆದ್ದರಿಂದ ಬೆಲೆ ಎಂಬುದು ದುಡಿದು ಗಳಿಸುವ ಸಂಬಳವಲ್ಲ, ತಪ್ಪು ಮಾಡಿದರೆ ರದ್ದಾಗುವ ರೇಷನ್ ಕಾರ್ಡೂ ಅಲ್ಲ. ಮಗ ಮಗನೇ. ಮೇಡಮ್ಮಿನ ಅಜ್ಜಿಯನ್ನು ಊರವರು ಯಾರೂ ಹೆಸರು ಹಿಡಿದು ಕರೆದವರಲ್ಲ, "ಏ ಇವಳೇ" ಅಷ್ಟೇ. ದೀಕ್ಷಾಸ್ನಾನದ ದಿನ ಚರ್ಚಿನ ರಿಜಿಸ್ಟರಿನಲ್ಲಿ ಅವರ ಹೆಸರನ್ನು ಪೂರ್ತಿಯಾಗಿ ಬರೆದುಕೊಂಡರಂತೆ. ಓದು ಬಾರದ ಅಜ್ಜಿ ಆ ಸಾಲಿನ ಮೇಲೆ ಬೆರಳಾಡಿಸಿ ಇದು ನಾನಾ ಎಂದು ಎರಡು ಸಲ ಕೇಳಿದರಂತೆ.

ಆಗ ನಾನು ಸ್ವಲ್ಪ ಒರಟಾಗಿಯೇ ಕೇಳಿದೆ: "ಮೇಡಂ, ಮೊದಲೇ ನಮ್ಮನ್ನ ಪಾಪಿಗಳು ಅಂದಿದ್ರು. ನಿಮ್ಮ ಧರ್ಮವೂ ಪಾಪಿ ಅಂತಲೇ ಅಲ್ವಾ ಶುರು ಮಾಡೋದು?"

ಅವರು ನಕ್ಕರು. "ಹೌದು. ಆದ್ರೆ ನಮ್ಮಜ್ಜಿಗೆ ಅದು ಬೈಗುಳ ಅನ್ನಿಸ್ಲಿಲ್ಲ. ಎಲ್ಲರೂ ಪಾಪಿಗಳು ಅಂದ್ರೆ ಊರ ಯಜಮಾನ್ರೂ ಪಾಪಿ ಅಂತ ಆಯ್ತಲ್ಲ! ಅದು ಅವರ ಕಿವಿಗೆ ಬಿದ್ದ ಮೊದಲ ಸಮಾನತೆಯ ಮಾತು." ಮತ್ತೆ ಅವರೇ, "ಆಮೇಲೆ ಚರ್ಚಲ್ಲೂ ಬೆಂಚು ಬೇರೆ ಅಂತ ಗೊತ್ತಾಯ್ತು, ಅದು ಬೇರೆ ಕಥೆ" ಎಂದರು.

ಆ ಬೇರೆ ಕಥೆಯನ್ನೂ ನಾವು ಮರೆಯಬಾರದು. ಚರ್ಚಿನೊಳಗೆ ಜಾತಿ ಉಳಿದ ಬಗೆಯನ್ನು ಬಾಬಾಸಾಹೇಬರು ಮತಾಂತರಿತರ ಸ್ಥಿತಿಯ ಬಗ್ಗೆ ಬರೆದ ಲೇಖನಗಳಲ್ಲಿ ನಿಷ್ಠುರವಾಗಿ ವಿಚಾರಿಸಿದ್ದಾರೆ. ಕ್ರೈಸ್ತರೊಳಗಿನ ದಲಿತರೂ ಸುಮ್ಮನಿರಲಿಲ್ಲ. ಅರವಿಂದ ಪಿ. ನಿರ್ಮಲ್ ಅವರು 1980ರ ದಶಕದಲ್ಲಿ ದಲಿತ ದೇವತಾಶಾಸ್ತ್ರದ ಮಾತೆತ್ತಿದ್ದು ಹೀಗೆಯೇ. ಅವರ ಆರಂಭದ ಉಪನ್ಯಾಸವೊಂದು ನಡೆದದ್ದು ನಮ್ಮ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ. ಬೌದ್ಧರಾದ ದಲಿತರಿಗೆ 1990ರಲ್ಲಿ ಸಿಕ್ಕ ಪರಿಶಿಷ್ಟ ಜಾತಿಯ ಮಾನ್ಯತೆ ದಲಿತ ಕ್ರೈಸ್ತರಿಗೆ ಸಿಕ್ಕಿಲ್ಲ. ಅವರನ್ನು ನೋಡಿ ನಗುವ ಮುನ್ನ ಇದು ನಮಗೆ ನೆನಪಿರಲಿ.

*4. ದೇವರು ಕ್ಷಮಿಸಿದರೆ ನೊಂದವನ ಗತಿ?*

ನನ್ನ ದೊಡ್ಡ ಪ್ರಶ್ನೆ ಇನ್ನೂ ಬಾಕಿ ಇತ್ತು. "ದೇವರು ನನ್ನನ್ನ ಕ್ಷಮಿಸಿಬಿಟ್ಟ ಅಂತಿಟ್ಕೊಳ್ಳಿ ಮೇಡಂ. ಆ ಹುಡುಗ ಇನ್ನೂ ಕಳ್ಳನಾಗೇ ಇದ್ದಾನಲ್ಲ. ಅವನನ್ನ ಕೇಳದೆ ದೇವರು ಹೆಂಗೆ ಕ್ಷಮಿಸ್ತಾನೆ?"

ಮೇಡಂ ಬೈಬಲಿನಿಂದಲೇ ಎರಡು ವಿಷಯ ತೋರಿಸಿದರು. ಒಂದು, ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆಯಲ್ಲಿ ಬರುತ್ತದೆ. ನೀನು ಬಲಿಪೀಠದ ಮುಂದೆ ಕಾಣಿಕೆ ತಂದಿರುವಾಗ, ನಿನ್ನಿಂದ ನೊಂದವನೊಬ್ಬನಿದ್ದಾನೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎಂಬುದು ಅದರ ತಾತ್ಪರ್ಯ. ನಮ್ಮ ಕಡೆ ತಪ್ಪು ಕಾಣಿಕೆ ಎಂದು ಹುಂಡಿಗೆ ದುಡ್ಡು ಹಾಕಿ ಕೈತೊಳೆದುಕೊಳ್ಳುವುದಿದೆ. ಇಲ್ಲಿ ಕಾಣಿಕೆಯೇ ಕಾಯಬೇಕು.

ಎರಡನೆಯದು ಜಕ್ಕಾಯನ ಕಥೆ. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಅವನು. ಜನರನ್ನು ಸುಲಿದು ಶ್ರೀಮಂತನಾದವನು. ಕುಳ್ಳನಾದ್ದರಿಂದ ಯೇಸುವನ್ನು ನೋಡಲು ಮರ ಹತ್ತಿ ಕೂತಿದ್ದ. ಯೇಸು ಅವನನ್ನು ಕೆಳಗೆ ಕರೆದು, ಈ ದಿನ ನಿನ್ನ ಮನೆಯಲ್ಲೇ ಉಳಿಯುತ್ತೇನೆ ಎನ್ನುತ್ತಾನೆ. ಅದಾದ ಮೇಲೆ ಜಕ್ಕಾಯ ಎದ್ದುನಿಂತು ಅರ್ಧ ಆಸ್ತಿಯನ್ನು ಬಡವರಿಗೂ, ಮೋಸದಿಂದ ಕಿತ್ತುಕೊಂಡದ್ದರ ನಾಲ್ಕರಷ್ಟನ್ನು ಕಳೆದುಕೊಂಡವರಿಗೂ ಕೊಡುತ್ತೇನೆ ಎನ್ನುತ್ತಾನೆ. ಇಲ್ಲಿಯ ಕ್ರಮವನ್ನು ನೋಡಿ. ಮೊದಲು ಅವನ ಮನೆಗೆ ಹೋಗುವ ಗೌರವ, ಆಮೇಲೆ ಅವನ ತಪ್ಪೊಪ್ಪಿಗೆ ಮತ್ತು ಪರಿಹಾರ. ತನಗೆ ಬೆಲೆಯೇ ಇಲ್ಲ ಎಂದುಕೊಂಡವನು ತಪ್ಪನ್ನು ಮುಚ್ಚಿಡುತ್ತಾನೆ, ಯಾಕೆಂದರೆ ಒಪ್ಪಿಕೊಂಡರೆ ಇರುವುದೂ ಹೋಗುತ್ತದೆ. ತನ್ನ ಬೆಲೆಯ ಬಗ್ಗೆ ಭರವಸೆ ಇರುವವನಿಗೆ ಮಾತ್ರ "ಹೌದು, ನಾನೇ ಮಾಡಿದೆ" ಎನ್ನುವ ಧೈರ್ಯ ಬರುತ್ತದೆ. ನನ್ನ ವಿಷಯದಲ್ಲೂ ಇದು ನಿಜ. ಕೇರಿಯಿಂದ ಬಂದ ಟೀಚರ್ ಎಂದು ಎಲ್ಲಿ ಹಗುರವಾಗುತ್ತೇನೋ ಎಂಬ ಅಂಜಿಕೆಯಿಂದಲೇ ಆ ದಿನ ಕ್ಲಾಸಿನಲ್ಲಿ ನಿಜ ಹೇಳಲಿಲ್ಲ.

ತಾನು ಕ್ಷಮೆ ಪಡೆದು ಇನ್ನೊಬ್ಬನನ್ನು ಕ್ಷಮಿಸದ ಸೇವಕನ ಕಥೆಯೊಂದು ಮತ್ತಾಯನ ಸುವಾರ್ತೆಯಲ್ಲಿದೆ. ಅರಸ ಅವನ ಹತ್ತು ಸಾವಿರ ತಲಾಂತು ಸಾಲವನ್ನು ಮನ್ನಾ ಮಾಡುತ್ತಾನೆ. ಹೊರಬಂದವನೇ ಅವನು ನೂರು ದಿನಾರಿ ಬಾಕಿಯಿದ್ದ ಜೊತೆಯಾಳಿನ ಕುತ್ತಿಗೆ ಹಿಡಿಯುತ್ತಾನೆ. ಮೇಡಂ ಪೇಪರಿನ ಅಂಚಿನಲ್ಲೇ ಲೆಕ್ಕ ಹಾಕಿದರು. ಒಂದು ದಿನಾರಿ ಒಂದು ದಿನದ ಕೂಲಿ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಅಂದರೆ ಆರು ಕೋಟಿ ದಿನದ ಕೂಲಿ ಮನ್ನಾ ಆದವನು ನೂರು ದಿನದ ಕೂಲಿಗೆ ಕುತ್ತಿಗೆ ಹಿಡಿದ!

ಇದನ್ನು ದುರುಪಯೋಗ ಮಾಡಿಕೊಂಡವರೂ ಇದ್ದಾರೆ. ಜರ್ಮನಿಯ ಪಾದ್ರಿ ಡೀಟ್ರಿಚ್ ಬಾನ್‌ಹಾಫರ್ 1937ರ ತಮ್ಮ ಪುಸ್ತಕದಲ್ಲಿ ಇಂಥದ್ದನ್ನು 'ಅಗ್ಗದ ಕೃಪೆ' ಎಂದು ಕರೆದರು. ಪಶ್ಚಾತ್ತಾಪವಿಲ್ಲದೆ, ಬದುಕು ಬದಲಾಗದೆ ಸಿಗುವ ಕ್ಷಮೆ ಅದು. ಹಿಟ್ಲರನನ್ನು ವಿರೋಧಿಸಿದ ಅವರನ್ನು 1945ರ ಏಪ್ರಿಲಿನಲ್ಲಿ ಗಲ್ಲಿಗೇರಿಸಲಾಯಿತು. ಭಾನುವಾರ ಒಪ್ಪಿಕೊಂಡು ಸೋಮವಾರ ಮತ್ತೆ ಮಾಡುವುದನ್ನು ನಮಗಿಂತ ಮೊದಲೇ, ನಮಗಿಂತ ಕಟುವಾಗಿ ಟೀಕಿಸಿದವರು ಅವರಲ್ಲೇ ಇದ್ದಾರೆ.

*5. ನಮ್ಮ ಧಮ್ಮ ಏನು ಹೇಳುತ್ತದೆ?*

ಬುದ್ಧರು ಮಾರ್ಗದಾತ, ಮೋಕ್ಷದಾತ ಅಲ್ಲ ಎಂದು ಬಾಬಾಸಾಹೇಬರು 1950ರಲ್ಲಿ ಮಹಾಬೋಧಿ ಪತ್ರಿಕೆಯ ಲೇಖನದಲ್ಲಿ ಸ್ಪಷ್ಟಪಡಿಸಿದ್ದರು. ದಾರಿ ತೋರುವವರು ಅವರು, ನಡೆಯಬೇಕಾದವರು ನಾವು. ಹಾಗಾದರೆ ತಪ್ಪು ಮಾಡಿದವರಿಗೆ ಅವರು ಏನು ಮಾಡಿದರು?

ಅಜಾತಶತ್ರು ರಾಜ್ಯಕ್ಕಾಗಿ ತಂದೆ ಬಿಂಬಿಸಾರನನ್ನು ಕೊಂದವನು. ಒಂದು ಹುಣ್ಣಿಮೆಯ ರಾತ್ರಿ ರಾಜಗೃಹದ ಜೀವಕನ ಮಾವಿನ ತೋಪಿಗೆ ಬಂದು ಬುದ್ಧರ ಮುಂದೆ ತನ್ನ ಅಪರಾಧವನ್ನು ಒಪ್ಪಿಕೊಳ್ಳುತ್ತಾನೆ. ಬುದ್ಧರು ಅದನ್ನು ಸ್ವೀಕರಿಸುತ್ತಾರೆ. ತಪ್ಪನ್ನು ತಪ್ಪೆಂದು ಕಂಡು ಮುಂದೆ ಸಂಯಮ ತಾಳುವುದೇ ಬೆಳವಣಿಗೆ ಎನ್ನುತ್ತಾರೆ. ಆದರೆ ಅವನು ಹೋದ ಮೇಲೆ ಭಿಕ್ಖುಗಳಿಗೆ ಹೇಳುತ್ತಾರೆ: ತಂದೆಯನ್ನು ಕೊಲ್ಲದೇ ಇದ್ದಿದ್ದರೆ ಇದೇ ಆಸನದಲ್ಲಿ ಇವನಿಗೆ ಧಮ್ಮದ ಕಣ್ಣು ತೆರೆಯುತ್ತಿತ್ತು. ಒಪ್ಪಿಕೊಂಡದ್ದಕ್ಕೆ ಬೆಲೆ ಇದೆ. ಆದರೂ ಮಾಡಿದ್ದು ಅಳಿಸಿಹೋಗುವುದಿಲ್ಲ.

ಅಂಗುಲಿಮಾಲನ ಕಥೆ ನಮಗೆಲ್ಲ ಗೊತ್ತು. ಬಾಬಾಸಾಹೇಬರು ತಮ್ಮ ಗ್ರಂಥದಲ್ಲಿ ಅವನನ್ನು ಸೇರಿಸಿದ್ದಾರೆ. ಅದೇ ಗ್ರಂಥದಲ್ಲಿ ಕ್ಷೌರಿಕ ಉಪಾಲಿ, ಕಸ ಗುಡಿಸುತ್ತಿದ್ದ ಸುನೀತ ಇದ್ದಾರೆ. ಬುದ್ಧರು ಇವರನ್ನೆಲ್ಲ ಕರೆದದ್ದು ಒಂದೇ ಸಂಘಕ್ಕೆ. ಆದರೆ ವ್ಯತ್ಯಾಸ ನೋಡಿ. ಉಪಾಲಿ, ಸುನೀತರ ಹುಟ್ಟನ್ನು ಬುದ್ಧರು ತಪ್ಪೆಂದು ಎಣಿಸಲೇ ಇಲ್ಲ, ಆದ್ದರಿಂದ ಅಲ್ಲಿ ಕ್ಷಮೆಯ ಮಾತೇ ಇಲ್ಲ. ಅಂಗುಲಿಮಾಲ ಮಾಡಿದ್ದು ನಿಜವಾದ ತಪ್ಪು. ಭಿಕ್ಖುವಾದ ಮೇಲೂ ಶ್ರಾವಸ್ತಿಯ ಬೀದಿಯಲ್ಲಿ ಕಲ್ಲೇಟು ತಿಂದು, ತಲೆಯೊಡೆದು, ಒಡೆದ ಪಾತ್ರೆ ಹಿಡಿದು ಬಂದಾಗ ಬುದ್ಧರು ಸಹಿಸಿಕೋ ಎನ್ನುತ್ತಾರೆ. ನಮ್ಮ ಅಪ್ಪಂದಿರ "ತಪ್ಪಾಯ್ತು ಬುದ್ಧಿ"ಗೂ ಅಂಗುಲಿಮಾಲನ ಪಶ್ಚಾತ್ತಾಪಕ್ಕೂ ಇರುವ ಅಂತರ ಇಲ್ಲಿ ತಿಳಿಯುತ್ತದೆ.

ನನಗೆ ದಾರಿ ತೋರಿಸಿದ್ದು ಮಾತ್ರ ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಪ್ರಸಂಗ. ವಿನಯಪಿಟಕದ ಚುಲ್ಲವಗ್ಗದಲ್ಲಿದೆ. ಮಚ್ಛಿಕಾಸಂಡ ಎಂಬ ಊರಿನಲ್ಲಿ ಚಿತ್ತ ಎಂಬ ಗೃಹಸ್ಥನಿದ್ದ. ಸುಧಮ್ಮ ಎಂಬ ಭಿಕ್ಖು ಅಲ್ಲಿ ಬಹುಕಾಲದಿಂದ ನೆಲೆಸಿದ್ದ. ತನ್ನನ್ನು ಕೇಳದೆ ಚಿತ್ತನು ಬೇರೆ ಹಿರಿಯ ಭಿಕ್ಖುಗಳನ್ನು ಊಟಕ್ಕೆ ಕರೆದ ಎಂದು ಸುಧಮ್ಮನಿಗೆ ಅಸೂಯೆ. ಚಿತ್ತನ ಮನೆಗೆ ಹೋಗಿ, ಎಲ್ಲ ಇದೆ, ಎಳ್ಳಿನ ಭಕ್ಷ್ಯ ಒಂದಿಲ್ಲ ಎಂದು ಚುಚ್ಚಿದ. ಚಿತ್ತನ ಹಿರಿಯರು ಭಕ್ಷ್ಯ ಮಾರುವವರಾಗಿದ್ದರು ಎಂದು ಅಟ್ಠಕಥೆ ಹೇಳುತ್ತದೆ. ಅಂದರೆ ಕುಲಕಸುಬು ಹಿಡಿದು ಆಡಿದ ಮಾತು! ಈ ಜಾತಿಯ ಮಾತಿನ ವರಸೆ ನಮಗೇನು ಹೊಸದೇ?

ವಿಷಯ ತಿಳಿದ ಬುದ್ಧರು ಸುಧಮ್ಮನನ್ನು ಕಟುವಾಗಿ ಆಕ್ಷೇಪಿಸಿದರು. ನನ್ನ ಮುಂದೆ ಒಪ್ಪಿಕೊಂಡೆಯಲ್ಲ, ಸಾಕು ಎನ್ನಲಿಲ್ಲ. ಚಿತ್ತನ ಬಳಿಗೇ ಹೋಗಿ ಕ್ಷಮೆ ಕೇಳಬೇಕು ಎಂದು ಸಂಘದಿಂದ ಕಮ್ಮ ಮಾಡಿಸಿದರು. ಇದಕ್ಕೆ ಪಟಿಸಾರಣೀಯ ಕಮ್ಮ ಎಂದು ಹೆಸರು. ಕಾಷಾಯ ತೊಟ್ಟವನು ಗೃಹಸ್ಥನ ಮುಂದೆ ಹೋಗಿ ಕ್ಷಮೆ ಕೇಳಬೇಕು! ಸುಧಮ್ಮ ಹೋದ. ಆದರೆ ನಾಚಿಕೆಯಿಂದ ಮಾತು ಹೊರಡದೆ ವಾಪಸ್ ಬಂದ. ಆಗ ಬುದ್ಧರು ಅವನ ಜೊತೆಗೆ ಒಬ್ಬ ಭಿಕ್ಖುವನ್ನು ಕಳಿಸುವಂತೆ ಹೇಳಿದರು. ಗೃಹಸ್ಥನು ಕ್ಷಮಿಸಿದರೆ ಸರಿ. ಕ್ಷಮಿಸದಿದ್ದರೆ ಜೊತೆಗಾರ ಅವನ ಪರವಾಗಿ ಕೇಳಬೇಕು. ಆಗಲೂ ಕ್ಷಮಿಸದಿದ್ದರೆ, ಆ ಗೃಹಸ್ಥನಿಗೆ ಕಾಣುವ ಹಾಗೆ, ಕೇಳುವ ಹಾಗೆ ತಪ್ಪಿತಸ್ಥನಿಂದ ತಪ್ಪನ್ನು ಒಪ್ಪಿಸಬೇಕು.

ಇದರಲ್ಲಿ ಮೂರು ವಿಷಯ ನನಗೆ ಕಂಡವು. ನೋವಾದವನ ಬಳಿಗೇ ಹೋಗಬೇಕು, ಅಡ್ಡದಾರಿ ಇಲ್ಲ. ಕ್ಷಮಿಸುವುದೂ ಬಿಡುವುದೂ ನೊಂದವನ ಇಷ್ಟ, ಅವನ ಮೇಲೆ ಒತ್ತಡ ಹಾಕಿ ಕ್ಷಮೆ ವಸೂಲಿ ಮಾಡುವಂತಿಲ್ಲ. ಹೋಗಲು ಧೈರ್ಯ ಸಾಲದಿದ್ದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುವುದು ಅವಮಾನವಲ್ಲ.

*6. ಹೋದೆ*

ನನ್ನ ಜೊತೆಗೆ ಬಂದವರು ಗಣಿತದ ಮೇಡಂ. ಅವನು ಈಗ ಟೌನಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಮಾರ್ಕೆಟ್ ಹಿಂದೆ ಆಟೋ ನಿಲ್ಲಿಸಿಕೊಂಡಿದ್ದ. ನನ್ನನ್ನು ಕಂಡು ಎದ್ದುನಿಂತು ಕೈಕಟ್ಟಿದ. ಆ ಕೈಕಟ್ಟಿದ್ದನ್ನು ನೋಡಿಯೇ ಹೇಳಬೇಕೆಂದುಕೊಂಡಿದ್ದೆಲ್ಲ ಮರೆತುಹೋಯಿತು. ಕೊನೆಗೆ ಮೇಡಂ ನನ್ನ ಬೆನ್ನ ಮೇಲೆ ಕೈಯಿಟ್ಟರು. ಹೇಳಿದೆ. ಹಣ ನನ್ನ ಹತ್ತಿರವೇ ಇತ್ತು, ಗೊತ್ತಾದ ಮೇಲೂ ಕ್ಲಾಸಿನಲ್ಲಿ ಹೇಳಲಿಲ್ಲ, ನಿನ್ನ ಬಗ್ಗೆ ಆಡಿದ ಆ ಮಾತು ಆಡಬಾರದಿತ್ತು ಎಂದೆ.

ಅವನು ಬಹಳ ಹೊತ್ತು ಆಟೋದ ಹಗ್ಗವನ್ನು ಸುತ್ತುತ್ತಾ ನಿಂತಿದ್ದ. ಪರವಾಗಿಲ್ಲ ಎನ್ನಲಿಲ್ಲ. "ನಮ್ಮವ್ವ ಇವತ್ತಿಗೂ ನಾನೇ ತಗೊಂಡಿದ್ದೆ ಅನ್ಕೊಂಡವ್ಳೆ ಮಿಸ್. ನೀವು ಬಂದು ಅವಳಿಗೆ ಹೇಳಿ" ಎಂದ.

ಅವನ ಮನೆಗೆ ಹೋದೆವು. ಅವರವ್ವ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ನಾನು ಹೇಳಿದ್ದನ್ನು ಕೇಳಿ ಕೈ ನಿಲ್ಲಿಸಿದರು. ನನ್ನ ಕಡೆ ನೋಡಲೇ ಇಲ್ಲ, ಮಗನ ಕಡೆ ನೋಡಿದರು. "ಅವತ್ತು ಇವ್ನು ಬಡ್ಕೊಂಡ ಮೇಡಮ್ಮೋರೆ, ತಗೊಂಡಿಲ್ಲ ಕಣವ್ವ ಅಂತ. ಮೇಡಮ್ಮೋರೇ ಅಂದ್ಮೇಲೆ ಸುಳ್ಳಾದದಾ ಅಂತ ಸೌದೆ ತಕ್ಕಂಡು ಹೊಡ್ದೆ" ಎಂದರು. ಆಮೇಲೆ ಯಾರೂ ಮಾತಾಡಲಿಲ್ಲ. ಅವನು ಟೀ ತರಲು ಹೋದ.

ನನ್ನ ತಪ್ಪು 1,200 ರೂಪಾಯಿಯ ಅನುಮಾನ ಎಂದುಕೊಂಡು ಹೋಗಿದ್ದೆ. ಅದು ಒಬ್ಬ ತಾಯಿಯ ಕೈಗೆ ಸೌದೆ ಕೊಟ್ಟಿತ್ತು ಎಂದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಹೋಗದೆ ಮನೆಯಲ್ಲೇ ಕೂತು ಪಶ್ಚಾತ್ತಾಪ ಪಟ್ಟಿದ್ದರೆ ಇದು ನನಗೆ ಎಂದೂ ತಿಳಿಯುತ್ತಿರಲಿಲ್ಲ.

ಅವನ ಒಪ್ಪಿಗೆ ಕೇಳಿ, ಆ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದನ್ನು ನನ್ನ ಹೆಸರಿನಲ್ಲಿ ಬರೆದು ಹಾಕಿದೆ. ಐವತ್ತು ಜನರ ಮುಂದೆ ಕಿತ್ತುಕೊಂಡ ಮರ್ಯಾದೆಯನ್ನು ಒಬ್ಬನೇ ಇರುವಾಗ ಹಿಂದಿರುಗಿಸಿದರೆ ಸಾಲದು. ತಮಾಷೆ ಮಾಡಿದ್ದ ಹುಡುಗ ಮಾರನೇ ದಿನ ಅವನಿಗೆ ಫೋನ್ ಮಾಡಿದನಂತೆ. ನನ್ನನ್ನು ಕ್ಷಮಿಸಿದ್ದೇನೆ ಎಂದು ಅವನು ಇವತ್ತಿನವರೆಗೂ ಹೇಳಿಲ್ಲ. ಅದು ಅವನಿಗೆ ಬಿಟ್ಟದ್ದು. ನಾನು ಕಾಯುತ್ತಲೂ ಇಲ್ಲ, ಕೇಳುವುದೂ ಇಲ್ಲ. ಯಾವ ಮಗುವಿನ ಬ್ಯಾಗನ್ನೂ ಇನ್ನು ನಾನು ಸುರಿಯುವುದಿಲ್ಲ, ಸುರಿಯಲು ಬಿಡುವುದೂ ಇಲ್ಲ.

*7. ಮನ್ನಿಸು, ಮನ್ನಣೆ*

ಕನ್ನಡ ಮೇಷ್ಟ್ರ ಚಾಳಿ, ಒಂದು ಪದದ ವಿಷಯ ಹೇಳಿ ಮುಗಿಸುತ್ತೇನೆ. ನಮ್ಮ ಭಾಷೆಯಲ್ಲಿ 'ಮನ್ನಿಸು' ಎಂದರೆ ಕ್ಷಮಿಸು. ಅದೇ ಪದಕ್ಕೆ ಗೌರವಿಸು ಎಂಬ ಅರ್ಥವೂ ಇದೆ. 'ಮನ್ನಣೆ' ಬಂದದ್ದು ಅಲ್ಲಿಂದಲೇ. ಬಾಸೆಲ್ ಮಿಷನ್ನಿನ ಪಾದ್ರಿ ಕಿಟೆಲ್ ಅವರು 1894ರಲ್ಲಿ ಮಂಗಳೂರಿನಲ್ಲಿ ಹೊರತಂದ ನಿಘಂಟಿನಲ್ಲೂ ಎರಡೂ ಅರ್ಥಗಳಿವೆ. ನಮ್ಮ ಭಾಷೆ ಎರಡನ್ನೂ ಒಂದೇ ಪದದಲ್ಲಿ ಇಟ್ಟಿದೆ.

ನಮ್ಮ ಅಪ್ಪಂದಿರು "ಮನ್ನಿಸಿ ಬುದ್ಧಿ" ಎಂದಾಗ ಅವರಿಗೆ ಮನ್ನಣೆ ಸಿಗಲಿಲ್ಲ, ಇದ್ದದ್ದೂ ಹೋಯಿತು. ಕಳೆದುಹೋದ ಮಗನಿಗೆ ಅಪ್ಪ ಮನ್ನಣೆಯನ್ನೇ ಕೊಟ್ಟು ಮನ್ನಿಸಿದ. ಕ್ರೈಸ್ತ ಬಂಧುಗಳು ತಮ್ಮ ಬೆಲೆಯನ್ನು ಆ ತಂದೆಯ ಪ್ರೀತಿಯಲ್ಲಿ ಕಾಣುತ್ತಾರೆ. ನಾವು ಹಾಗೆ ಕಾಣುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ನಮ್ಮ ಜನರಿಗೆ ದೀಕ್ಷೆ ಕೊಟ್ಟಾಗ ಹೊಸದಾಗಿ ಬೆಲೆಯನ್ನೇನೂ ದಾನ ಮಾಡಲಿಲ್ಲ. ನಿಮ್ಮ ಬೆಲೆ ನಿಮ್ಮಲ್ಲೇ ಇದೆ, ಅದನ್ನು ಯಾರೂ ಕೊಡಬೇಕಿಲ್ಲ, ಯಾರೂ ಕಸಿಯಲಾರರು ಎಂದು ತೋರಿಸಿದರು. ದಾರಿಗಳು ಬೇರೆ. ಆದರೆ ಬೆಲೆಯುಳ್ಳ ಮನುಷ್ಯನೇ ತಪ್ಪನ್ನು ಒಪ್ಪಿಕೊಳ್ಳಬಲ್ಲ ಎಂಬಲ್ಲಿ ಮೇಡಂ ಮತ್ತು ನಾನು ಒಂದೇ ಬೆಂಚಿನ ಮೇಲೆ ಕೂತೆವು.

ಆ ಕಿರಿಯ ಉಪಾಸಕರಿಗೆ ನನ್ನ ಉತ್ತರ ಇಷ್ಟು. ತಮ್ಮಾ, ನಮಗೆ ಕ್ಷಮಿಸುವ ದೇವರಿಲ್ಲ. ನಾವು ನೋಯಿಸಿದ ಮನುಷ್ಯ ಇದ್ದಾನೆ, ಅವನ ಮನೆಗೆ ದಾರಿ ಇದೆ, ಜೊತೆಗೆ ಬರಲು ಸಂಘ ಇದೆ. ಆ ಮನುಷ್ಯ ತೀರಿಹೋಗಿದ್ದರೆ, ಅವನಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಮಾಡದೆ ಬದುಕುವ ಕೆಲಸ ಇದೆ.

*ಇಂದಿನ ಅಭ್ಯಾಸ*

ಐದು ನಿಮಿಷ ಸುಮ್ಮನೆ ಕುಳಿತು ಎರಡು ಪಟ್ಟಿ ಮಾಡಿ. ಮಾಡದ ತಪ್ಪಿಗೆ ನಾನು ಎಲ್ಲೆಲ್ಲಿ ಇನ್ನೂ "ತಪ್ಪಾಯ್ತು" ಎನ್ನುತ್ತಿದ್ದೇನೆ? ಅದನ್ನು ಇಂದೇ ನಿಲ್ಲಿಸಿ. ಮಾಡಿದ ತಪ್ಪಿಗೆ ಯಾರ ಬಳಿ "ತಪ್ಪಾಯ್ತು" ಎನ್ನಲು ಬಾಕಿ ಇದೆ? ಒಂದು ಹೆಸರು ಬರೆಯಿರಿ. ಒಬ್ಬರೇ ಹೋಗಲು ಆಗದಿದ್ದರೆ ಜೊತೆಗೆ ಯಾರನ್ನು ಕರೆಯುತ್ತೀರಿ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

*ಭಾನುವಾರದ ಚರ್ಚೆಗೆ*

1. ಚಿತ್ತನು ಕ್ಷಮಿಸದೇ ಇದ್ದರೂ ಸುಧಮ್ಮನ ಕರ್ತವ್ಯ ಮುಗಿಯಿತು ಎನ್ನಬಹುದೇ?
2. ನಮ್ಮನ್ನು ನೋಯಿಸಿದವರು ಕ್ಷಮೆ ಕೇಳದೇ ಇರುವಾಗ, ನಾವೇ ಮುಂದಾಗಿ ಕ್ಷಮಿಸಬೇಕು ಎಂದು ಬೇರೆಯವರು ಹೇಳುವುದು ನ್ಯಾಯವೇ?
3. ಮನೆಯಲ್ಲಿ, ಮಕ್ಕಳ ಮುಂದೆ, ದೊಡ್ಡವರು ತಪ್ಪೊಪ್ಪಿಕೊಂಡದ್ದನ್ನು ನೀವು ನೋಡಿದ್ದೀರಾ?

ಓದಿ ಮುಗಿಸಿದವರು ನಿಮ್ಮ ಮನೆಯ ಮಕ್ಕಳಿಗೂ ಓದಿ ಹೇಳಿ.

ಎಲ್ಲ ಜೀವಿಗಳಿಗೂ ಮಂಗಳವಾಗಲಿ.
ನಮೋ ಬುದ್ಧಾಯ. ಜೈ ಭೀಮ್.